ಚೌಡಕ್ಕ ಸುರಿದ ಬಣ್ಣ
ಗಜೇಂದ್ರಗಡದ ನಮ್ಮ ನೇಕಾರರ ಓಣಿಯಲ್ಲಿ ಚೌಡಕ್ಕನ ಚಿತ್ರವಿಲ್ಲದ ಮನೆ ಹುಡುಕಿದರೂ ಸಿಗದು. ಹಗಲೆಲ್ಲ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ನೂಲು ಕೊಡುವ ಸಾವಕಾರರು ಹೇಳಿದ ಬಣ್ಣಕ್ಕೆ, ಹೇಳಿದ ಅಂಚಿಗೆ ಎಳೆ ತಪ್ಪದಂತೆ ಸೀರೆ ನೇಯುವ ಈಕೆ, ಸಂಜೆಯಾದರೆ ಮೊಬೈಲಿನಲ್ಲಿ ನೋಡಿ ಕಲಿತಂತೆ ಅಕ್ರಿಲಿಕ್ ಬಣ್ಣಗಳನ್ನು ಒಂದೇ ಲೋಟಕ್ಕೆ ಒಂದರ ಮೇಲೊಂದು ಸುರಿದು, ಲೋಟವನ್ನು ಹಲಗೆಯ ಮೇಲೆ ಬೋರಲು ಹಾಕುತ್ತಾಳೆ. ಹಲಗೆಯನ್ನು ಅತ್ತಿತ್ತ ವಾಲಿಸುವಾಗ ತೊಟ್ಟಿಲು ತೂಗುವವಳ ಹಾಗೆ ತಾನೂ ತೂಗುತ್ತಾಳೆ. ಒಲೆಯ ಮೇಲೆ ಸಾರು ಉಕ್ಕಿದರೂ, ಗಂಡ ಮುತ್ತಣ್ಣ ಕೂಗಿ ಕರೆದರೂ ಒಂದೇ ಮಾತು: “ತಡೀರಿ, ಇನ್ನೂ ಹರ್ಯಾಕತ್ತೈತಿ.” ನೀಲಿಯೊಳಗಿಂದ ಬಿಳಿ ಗುಳ್ಳೆಗಳು ಮೆಲ್ಲಗೆ ಅರಳತೊಡಗಿದರೆ, ಗುಡ್ಡದ ಮೇಲಿನ ಮೋಡವೇ ಮನೆಗೆ ಬಂದಿತೇನೋ ಎಂಬಂತೆ ಬಾಯಿ ತೆರೆದು ಕೂಡುತ್ತಾಳೆ. ಒಣಗಿತೋ, ಸೆರಗಿನಲ್ಲಿ ಮುಚ್ಚಿಕೊಂಡು ಯಾರದಾದರೂ ಮನೆಗೆ ಹೊರಟಳೆಂದೇ ತಿಳಿಯಿರಿ. ಹಾಲಿನವನಿಗೂ ಒಂದು, ಸೂಡಿ ಊರಿಗೆ ಹೋಗುವ ಬಸ್ಸಿನ ಕಂಡಕ್ಟರನಿಗೂ ಒಂದು. “ಯಾವ ಕಡಿ ಮ್ಯಾಲ ಮಾಡ್ಲಿ ಬೇ?” ಎಂದು ಚಿತ್ರ ಪಡೆದವರು ಕೇಳಿದರೆ, “ನಿನಗ ಹ್ಯಾಂಗ ಚಲೋ ಕಾಣತೈತಿ ಹಂಗ” ಎನ್ನುತ್ತಾಳೆ. “ನಿಮಗಂತ ಒಂದೂ ಇಟಗೊಂಡಿಲ್ಲಲ್ರಿ, ಚೌಡಕ್ಕ?” ಎಂದು ಒಮ್ಮೆ ಕೇಳಿದೆ. ಆಕೆ ಮಗ್ಗದ ಪಕ್ಕದ ಚಾಪೆ ಸರಿಸಿದಳು. ಸೀರೆಯ ನೇಯ್ಗೆಯನ್ನು ಹಿಂಬದಿಯಿಂದ ಪರೀಕ್ಷಿಸುವ ರೂಢಿಯಲ್ಲಿ, ಬಣ್ಣ ಸುರಿದ ಮೊದಲ ದಿನ ಹಸಿ ಚಿತ್ರವನ್ನೂ ಮಗುಚಿ ನೋಡಿದ್ದಳಂತೆ. ಬಣ್ಣವೆಲ್ಲ ಜಾರಿ ಚಾಪೆಯಡಿಯ ಹಾಸುಗಲ್ಲಿನ ಮೇಲೆ ಒಣಗಿ ನಿಂತಿತ್ತು. ಅದನ್ನು ಅಂಗೈಯಿಂದ ಸವರುತ್ತ ಹೇಳಿದಳು: “ನೇಯ್ದದ್ದೆಲ್ಲಾ ಮಂದಿ ಉಟ್ರು, ಸುರದದ್ದೆಲ್ಲಾ ನಾನ ಹಂಚಿದೆ. ಇದೊಂದು ಯಾರಿಗೂ ಕೊಡಾಕ ಬರೂದಿಲ್ಲ ನೋಡ್ರಿ.”