ಹೀಗಲ್ಲ, ಹೀಗೆ

ನನ್ನ ಅಕ್ಕ ಹಾಡು ಕಲಿಸುವವಳು. ಬೀದಿಯ ಮಕ್ಕಳ ಬಾಯಲ್ಲಿ ಅವಳು ಗುಳುಗುಳು ಟೀಚರ್. ಪಾಠ ಶುರುವಾಗುವುದೇ ಆ ಸದ್ದಿನಿಂದ: ಅರ್ಧ ಲೋಟ ನೀರಿಗೆ ಸ್ಟ್ರಾ ಇಳಿಸಿ, ಗುಳ್ಳೆ ಎಬ್ಬಿಸುತ್ತ ಒಂದೊಂದೇ ಸ್ವರ ಹಿಡಿಯಬೇಕು. ಹಾಗೆ ಮಾಡಿದರೆ ಗಂಟಲೊಳಗೆ ದನಿ ಹುಟ್ಟಿಸುವ ಎರಡು ಪಟ್ಟಿಗಳು ಬಡಿದಾಡದೆ ಮೆತ್ತಗೆ ತಾಗುತ್ತವಂತೆ. ಕ್ಯಾಕರಿಸಿದವರಿಗೆ ಅವಳಿಂದ ಬೈಗುಳ ಗ್ಯಾರಂಟಿ. ಪಿಸುಗುಟ್ಟಿದವರಿಗೂ ಅಷ್ಟೇ, ಒತ್ತಿ ಪಿಸುಗುಟ್ಟಿದರೆ ಗಂಟಲಿಗೆ ಇನ್ನೂ ದಣಿವು ಅನ್ನುತ್ತಾಳೆ.

ಈ ಕಾಳಜಿ ಸುಮ್ಮನೆ ಬಂದದ್ದಲ್ಲ. ನಮ್ಮಮ್ಮ ಮಾರುಕಟ್ಟೆಯಲ್ಲಿ ಕೂಗಿ ಕೂಗಿ ತರಕಾರಿ ಮಾರಿದವಳು. ನಾವು ದೊಡ್ಡವರಾಗುವ ಹೊತ್ತಿಗೆ ಅವಳ ದನಿ ಪೂರ್ತಿ ಹೋಗಿತ್ತು. ನಮ್ಮನ್ನು ಬೈಯಬೇಕಾದರೂ ಮೊದಲು ಚಪ್ಪಾಳೆ ತಟ್ಟುತ್ತಿದ್ದಳು. ಅಕ್ಕ ಹಾಡು ಕಲಿಯುವಾಗ ರಾಗಕ್ಕಿಂತ ಮುಂಚೆ ಗಂಟಲನ್ನು ಓದಿಕೊಂಡಳು.

ಮಹಡಿಯಲ್ಲಿ ಅವಳ ತರಗತಿ, ಕೆಳಗೆ ನನ್ನ ಹೊಲಿಗೆ ಅಂಗಡಿ. ನನಗೆ ಹಾಡಲು ಬಾರದು, ಆದರೆ ಮೇಲಿನವರನ್ನೆಲ್ಲ ಅವರವರ ತಪ್ಪಿನಿಂದಲೇ ಗುರುತು ಹಿಡಿಯಬಲ್ಲೆ. ಹಲ್ಲು ಕಚ್ಚಿಕೊಂಡು ಹಾಡುವವಳು ನರ್ಸ್. ಮೂಗಿನಲ್ಲಿ ಹಾಡುವವನು ಬಸ್ ಡ್ರೈವರ್. ಗಂಟಲು ಬಿಗಿಹಿಡಿದು, ಕತ್ತಿನ ನರ ಉಬ್ಬಿಸಿ ಮೇಲಿನ ಸ್ವರಕ್ಕೆ ಏಣಿ ಹಾಕುವವರು ರಿಟೈರ್ಡ್ ಮೇಷ್ಟ್ರು. ಅವರು ಹಾಡುವಾಗ ನಾನು ಸೂಜಿಗೆ ದಾರ ಪೋಣಿಸಲು ಹೋಗುವುದಿಲ್ಲ, ತೂತು ತಪ್ಪುತ್ತದೆ.

ಅಂಥ ಅಕ್ಕನ ದನಿಯೇ ಒಡೆಯತೊಡಗಿತು. ಮೊದಮೊದಲು ಬೆಳಿಗ್ಗೆ ಮಾತ್ರ ಗೊಗ್ಗರವಾಗಿರುತ್ತಿತ್ತು, ಆಮೇಲೆ ಸಂಜೆಯಾದರೂ ಬಿಡಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಧೂಳು ಅಂದಳು, ಹವೆ ಅಂದಳು, ಕೊನೆಗೆ ನನ್ನ ಇಸ್ತ್ರಿಪೆಟ್ಟಿಗೆಯ ಹಬೆಯ ಮೇಲೆ ಹಾಕಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನನಗೆ ಸಿಟ್ಟು ನೆತ್ತಿಗೇರಿತು.

"ಏನು ನಿನ್ನ ಕಷ್ಟ? ಡಾಕ್ಟರು ನಿನ್ನ ನುಂಗಿಬಿಡ್ತಾರಾ?" ಎಂದೆ.

"ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತಾರೆ ಕಣೇ ಎಲ್ಲರೂ. ಗಂಟಲು ಕಾಪಾಡೋದು ಹೇಗೆ ಅಂತ ಕಲಿಸೋಳಿಗೆ ಗಂಟಲೇ ಹೋಯ್ತು ಅಂತ." ಆಮೇಲೆ ನಿಜ ಹೇಳಿದಳು. "ಕುಯ್ಯಬೇಕು ಅಂದ್ರೆ? ಕುಯ್ದ ಮೇಲೆ ಅಮ್ಮನ ಹಾಗೆ ಆದ್ರೆ?"

 ನನಗೂ ಅದೇ ಭಯ ಕಾಡುತ್ತಿತ್ತು, ಬಾಯಿ ಬಿಟ್ಟಿರಲಿಲ್ಲ ಅಷ್ಟೇ.

ಒಂದು ಮಧ್ಯಾಹ್ನ ಮೇಲಿನಿಂದ ಮೇಷ್ಟ್ರ ದನಿ ಕೇಳಿತು, ಅದೇ ಬಿಗಿತ, ಅದೇ ಏಣಿ. ಸೂಜಿ ಕೆಳಗಿಟ್ಟು ತಲೆಯೆತ್ತಿದರೆ ಮೇಷ್ಟ್ರು ನನ್ನ ಬಾಗಿಲಲ್ಲಿ ನಿಂತಿದ್ದಾರೆ! ಕೈಯಲ್ಲಿ ಉದ್ದ ಕಡಿಮೆ ಮಾಡಿಸಬೇಕಾದ ಪ್ಯಾಂಟು.

"ನೀವಿಲ್ಲಿದ್ರೆ ಮೇಲೆ ಹಾಡ್ತಿರೋದು ಯಾರು ಮೇಷ್ಟ್ರೇ?"

ಅವರು ಕಿವಿಗೊಟ್ಟು ಕೇಳಿದರು. "ಅದು ನಾನೇ ಅಲ್ವೇನಮ್ಮಾ!" ಎಂದರು, ಪಾಪ.

ಓಡಿ ಮೆಟ್ಟಿಲು ಹತ್ತಿದೆ. ಅಕ್ಕ ನರ್ಸಿನ ಎದುರು ಕೂತು, ಕತ್ತು ಉಬ್ಬಿಸಿ, ಗಂಟಲು ಬಿಗಿದು ಒಂದು ಸಾಲನ್ನು ಇಡೀ ಹಾಡಿದಳು. "ನೀನೂ ಮೇಷ್ಟ್ರ ಹಾಗೆ ಬಿಗೀಬೇಡ, ಹೀಗಲ್ಲ" ಎಂದಳು. ಆಮೇಲೆ "ಹೀಗೆ" ಎಂದು ಎಳೆಯಷ್ಟು ಸರಿಯಾದ ಸ್ವರ ಕೊಟ್ಟು, "ಈಗ ನೀನು" ಎಂದುಬಿಟ್ಟಳು. ಆಗ ನನ್ನ ತಲೆಗೆ ಹೊಳೆಯಿತು. ಒಬ್ಬೊಬ್ಬರೂ ತಮ್ಮ ತಮ್ಮ ತಪ್ಪನ್ನು ಪಾಠದ ದಿನ ಮಾತ್ರ ಹಾಡುತ್ತಾರೆ. ಎಲ್ಲರ ತಪ್ಪನ್ನೂ ದಿನಾ ಹಾಡುವವಳು ಇವಳು! ಅದೂ ಅಂತಿಂಥ ನಕಲಲ್ಲ, ಮೇಷ್ಟ್ರೇ ಮೋಸಹೋಗುವಂಥದ್ದು. ಮರುದಿನ ಅವಳ ಕೈ ಹಿಡಿದು ಎಳೆದುಕೊಂಡೇ ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ತುದಿಯಲ್ಲಿ ಕ್ಯಾಮೆರಾ ಇದ್ದ ಸಣ್ಣ ಕೊಳವೆಯನ್ನು ಅಕ್ಕನ ಮೂಗಿನಿಂದ ಇಳಿಸಿದರು. ಪರದೆಯ ಮೇಲೆ ಎರಡು ಬಿಳಿ ಪಟ್ಟಿಗಳು ಕಂಡವು, ಅವುಗಳ ನಡುವೆ ಎದುರುಬದುರಾಗಿ ಎರಡು ಸಣ್ಣ ಗಂಟು. ಅಕ್ಕನ ಉಗುರು ನನ್ನ ಅಂಗೈಗೆ ನಾಟಿತು.

ಕೊಳವೆ ತೆಗೆದ ಮೇಲೆ ಡಾಕ್ಟರು, "ಎಲ್ಲಿ, ನಿಮ್ಮ ಸ್ವಂತ ದನೀಲಿ ಒಂದು ಸಾಲು ಹಾಡಿ" ಎಂದರು.

ಅಕ್ಕ ಬಾಯಿ ತೆರೆದಳು. ಬಂದದ್ದು ನರ್ಸಿನ ದನಿ. ಅವಳಿಗೇ ಗೊತ್ತಾಗಿ ನಿಲ್ಲಿಸಿದಳು. ಮತ್ತೆ ಶುರುಮಾಡಿದರೆ ಡ್ರೈವರ್. ದವಡೆ ಉಜ್ಜಿಕೊಂಡು, ಭುಜ ಇಳಿಬಿಟ್ಟು, ಶಿಷ್ಯರಿಗೆ ಹೇಳಿಕೊಡುವುದನ್ನೆಲ್ಲ ತಾನೇ ಮಾಡಿ ಇನ್ನೊಮ್ಮೆ ಹಾಡಿದಳು. ಮೇಷ್ಟ್ರು ಬಂದರು. ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು.

ಅಕ್ಕನ ಕಣ್ಣು ತುಂಬಿತು. "ನಂದು ಯಾವುದು ಅಂತ ಸಿಗ್ತಾ ಇಲ್ಲ ಕಣೇ" ಎಂದಳು.

ಗಂಟು ಇನ್ನೂ ಮೆತ್ತಗಿದೆ, ಬಾಯಿಗೆ ಬೀಗ ಹಾಕಿ, ನಕಲು ಪೂರಾ ಬಿಡಿ, ಕರಗದಿದ್ದರೆ ಮಾತ್ರ ಆಪರೇಷನ್ ಯೋಚಿಸೋಣ ಎಂದರು ಡಾಕ್ಟರು. ಆ "ಕರಗದಿದ್ದರೆ" ನಮ್ಮ ಜೊತೆಗೇ ಮನೆಗೆ ಬಂತು.

ತರಗತಿ ನಿಂತಿತು. ಮಹಡಿ ಎಷ್ಟು ಸುಮ್ಮನಾಯಿತೆಂದರೆ ನನ್ನ ಮಿಷನ್ನಿನ ಸದ್ದಿಗೆ ನಾನೇ ಬೆಚ್ಚುತ್ತಿದ್ದೆ. ಏನಾದರೂ ಬೇಕಾದಾಗ ಅಕ್ಕ ಮೇಲಿನಿಂದ ಚಪ್ಪಾಳೆ ತಟ್ಟುತ್ತಿದ್ದಳು. ಆ ಚಪ್ಪಾಳೆ ಕೇಳಿದಾಗಲೆಲ್ಲ ಅಮ್ಮನೇ ಕರೆದಂತಾಗುತ್ತಿತ್ತು. ಒಮ್ಮೆ ಮೇಷ್ಟ್ರು ಪ್ಯಾಂಟು ಒಯ್ಯಲು ಬಂದವರು ಮೆಲ್ಲಗೆ ಕೇಳಿದರು, "ನನ್ನಿಂದ ಹೀಗಾಯ್ತಾ?"

"ನಿಮ್ಮಿಂದ ಅಲ್ಲ ಮೇಷ್ಟ್ರೇ, ನಿಮ್ಮ ಹಾಗೆ ಹಾಡಿದ್ದರಿಂದ" ಎಂದೆ. ಸಮಾಧಾನ ಹೇಳಲು ಹೊರಟಿದ್ದೆ, ಬಾಯಿಂದ ಬಂದದ್ದು ಅದು.

ಎರಡನೇ ಸಲ ಪರದೆಯ ಮುಂದೆ ಕೂತಾಗ ನಾನು ಕಣ್ಣು ಮುಚ್ಚಿಕೊಂಡೆ. ಗಂಟು ಸಣ್ಣದಾಗಿತ್ತು, ಹೋಗಿರಲಿಲ್ಲ. ಸ್ಟ್ರಾದಿಂದ ಶುರುಮಾಡಿ, ಆಮೇಲೆ ಒಂದೆರಡು ಸಾಲು ಹಾಡಿನೋಡಿ ಎಂದರು ಡಾಕ್ಟರು.

ಮನೆಗೆ ಬಂದವಳೇ ಅಕ್ಕ ನನಗೆ ಕೆಳಗೇ ಇರು ಎಂದು ಕೈಸನ್ನೆ ಮಾಡಿ ಮೇಲೆ ಹೋದಳು. ನಾನು ಮಿಷನ್ ನಿಲ್ಲಿಸಿದೆ. ಗುಳುಗುಳು ಕೇಳಿತು. ಅದು ನಿಂತಿತು. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಸೂರನ್ನೇ ನೋಡುತ್ತ ಕೂತೆ.

ಆಮೇಲೆ ಒಂದು ದನಿ. ಹಲ್ಲು ಕಚ್ಚಿದ್ದಲ್ಲ, ಮೂಗಿನದಲ್ಲ, ಏಣಿ ಹಾಕಿದ್ದೂ ಅಲ್ಲ. ಸ್ವಲ್ಪ ತಗ್ಗಿನದು, ಅಂಚಿನಲ್ಲಿ ಉಸಿರು ಸೋರುವಂಥದ್ದು. ಇಷ್ಟು ವರ್ಷ ಈ ಸೂರಿನ ಕೆಳಗೆ ಕೂತು ಹೊಲಿದಿದ್ದೇನೆ, ಈ ದನಿಯನ್ನು ಕೇಳಿರಲಿಲ್ಲ.

ಅಕ್ಕ ಇಳಿದು ಬಂದು ಅಂಗಡಿಯ ಬಾಗಿಲಲ್ಲಿ ನಿಂತಳು. ಮುಖ ಬಿಳುಚಿತ್ತು.

"ಯಾರ ಹಾಗೆ ಕೇಳ್ತು?"

"ಯಾರ ಹಾಗೂ ಇಲ್ಲ ಅಕ್ಕಾ."

ಯಾರನ್ನೂ ನಾನು ಕೂರಗೊಡದ ಹೊಸ ಬಟ್ಟೆಯ ಥಾನಿನ ಮೇಲೆ ಅವಳು ಕುಸಿದು ಕೂತು ಅತ್ತಳು. ನಾನು ಏಳು ಅನ್ನಲಿಲ್ಲ. ಅಳು ಮುಗಿದ ಮೇಲೆ ಕ್ಯಾಕರಿಸಲು ಹೋದವಳು ತಡೆದುಕೊಂಡು, ನೀರು ಕೇಳಿದಳು.