ಆಂಧಿಯಲ್ಲಿ ಹಿಂದಿರುಗಿದ ಗೋಲ್ ಕಿಕ್

೨೦೦೬ರ ಮೇ ತಿಂಗಳು. ನಾನಾಗ ದೆಹಲಿಯ ಜನಕಪುರಿಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಹುಡುಗಿಯರ ಫುಟ್‌ಬಾಲ್ ತಂಡಕ್ಕೂ ನಾನೇ ಕೋಚ್. ಗೆರೆಯಾಚೆ ನಿಂತು ಕಿರುಚುವುದೇ ಕೋಚ್‌ನ ಕೆಲಸ ಎಂದು ಬಲವಾಗಿ ನಂಬಿದ್ದ ಕಾಲವದು. ನನ್ನ ಗಂಟಲಿಗೆ ಮೈಕ್ ಬೇಡ ಎಂದು ಸ್ಟಾಫ್ ರೂಮಿನಲ್ಲಿ ಗೇಲಿ ಮಾಡುತ್ತಿದ್ದರು. ಅದನ್ನೂ ನಾನು ಹೊಗಳಿಕೆ ಎಂದೇ ತಿಳಿದಿದ್ದೆ!

ನಮ್ಮ ಗೋಲ್‌ಕೀಪರ್ ಶಾಲಿನಿ. ಅವಳ ತಂದೆ ನಾಗರಾಜ್ ತುಮಕೂರು ಕಡೆಯವರು, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕ್ಲರ್ಕ್. ಹುಡುಗಿ ಹುಟ್ಟಿ ಬೆಳೆದದ್ದು ದೆಹಲಿಯಲ್ಲೇ ಆದ್ದರಿಂದ ಅವಳ ಕನ್ನಡದಲ್ಲಿ ಅರ್ಧ ಹಿಂದಿ. ಅಂತರಶಾಲಾ ಟೂರ್ನಿಯ ಫೈನಲ್‌ಗೆ ಎರಡು ದಿನವಿದ್ದಾಗ ನಾಗರಾಜ್ ಮಗಳನ್ನು ಕರೆದುಕೊಂಡು ನನ್ನ ಬಳಿ ಬಂದರು.

“ನೋಡಿ ಮೇಡಂ, ಇವಳೀಗ ಹನ್ನೊಂದನೇ ಕ್ಲಾಸು, ಅದೂ ಸೈನ್ಸು. ಈ ಸಲ ದೆಹಲಿ ಟೀಮಿಗೆ ಸೆಲೆಕ್ಟ್ ಆದ್ರೆ ಆಡ್ಲಿ, ನಾನು ಬೇಡ ಅನ್ನಲ್ಲ. ಆಗ್ಲಿಲ್ಲ ಅಂದ್ರೆ ಫುಟ್‌ಬಾಲ್ ಇಲ್ಲಿಗೇ ಸಾಕು.”

“ಠೀಕ್ ಹೈ ಅಪ್ಪಾ,” ಎಂದಳು ಶಾಲಿನಿ. ಮುಖ ಸಣ್ಣದಾಗಿತ್ತು. ಆಯ್ಕೆದಾರರು ನೋಡಲು ಬರುತ್ತಿದ್ದುದು ಆ ಫೈನಲ್ ಒಂದನ್ನೇ.

ಪಂದ್ಯ ವಸಂತ್ ಕುಂಜ್ ಹತ್ತಿರದ ಮೈದಾನದಲ್ಲಿ. ಮೊದಲರ್ಧದಲ್ಲೇ ನಾವು ಒಂದು ಗೋಲು ಹೊಡೆದೆವು. ಇನ್ನು ಹತ್ತು ನಿಮಿಷ ಉಳಿದಿದೆ ಎನ್ನುವಾಗ ಆಕಾಶ ಕಂದು ಬಣ್ಣಕ್ಕೆ ತಿರುಗಿ ಆಂಧಿ ಎದ್ದಿತು. ದೆಹಲಿಯ ಬೇಸಿಗೆಯ ಈ ದೂಳುಗಾಳಿ ಹೇಳಿ ಕೇಳಿ ಬರುವುದಿಲ್ಲ. ಬಾಯಲ್ಲೆಲ್ಲ ಮಣ್ಣು. ಸ್ವಲ್ಪ ಹೊತ್ತು ತಾನೇ ಎಂದು ರೆಫರಿ ಆಟ ನಿಲ್ಲಿಸಲಿಲ್ಲ. ಗಾಳಿ ನೇರವಾಗಿ ಶಾಲಿನಿಯ ಮುಖಕ್ಕೇ ಬಡಿಯುತ್ತಿತ್ತು.

ಆಗ ನಮಗೊಂದು ಗೋಲ್ ಕಿಕ್ ಸಿಕ್ಕಿತು. ಅಂದರೆ ಎದುರಾಳಿ ಒದ್ದ ಚೆಂಡು ನಮ್ಮ ಗೋಲಿನ ಪಕ್ಕದಿಂದ ಹೊರಗೆ ಹೋಗಿತ್ತು, ಅದನ್ನು ಶಾಲಿನಿ ಗೋಲಿನ ಮುಂದಿಟ್ಟು ಮತ್ತೆ ಆಟಕ್ಕೆ ಒದೆಯಬೇಕು. ಎದುರುಗಾಳಿಯಲ್ಲಿ ಚೆಂಡನ್ನು ತಗ್ಗಾಗಿ ಒದೆಯಬೇಕೆಂದು ಅಭ್ಯಾಸದಲ್ಲಿ ಹೇಳಿಕೊಟ್ಟವಳು ನಾನೇ. ಆ ಗಾಬರಿಯಲ್ಲಿ “ಎತ್ತಿ ಹೊಡಿ, ದೂರ ಹೊಡಿ!” ಎಂದು ಕಿರುಚಿದವಳೂ ನಾನೇ.

ಪಾಪ, ಹುಡುಗಿ ಎತ್ತಿ ಹೊಡೆದಳು. ಚೆಂಡು ಪೆನಾಲ್ಟಿ ಚೌಕ ದಾಟಿ ಮೇಲೇರಿತು, ಒಂದು ಕ್ಷಣ ಅಲ್ಲೇ ನಿಂತ ಹಾಗೆ ಕಾಣಿಸಿ, ಬಂದ ದಾರಿಯಲ್ಲೇ ವಾಪಸು ಹೊರಟಿತು.

“ಹಿಡಿಯೇ! ಪಕಡೋ!” ನನ್ನ ಗಂಟಲು ಹರಿಯುವುದೊಂದು ಬಾಕಿ.

ಶಾಲಿನಿ ಹಿಂದಕ್ಕೆ ಓಡಿ ಚೆಂಡಿನ ಕೆಳಗೆ ಬಂದಳು. ಕೈ ಎತ್ತಿದಳು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪಕ್ಕಕ್ಕೆ ಸರಿದು ನಿಂತುಬಿಟ್ಟಳು. ಚೆಂಡು ಒಮ್ಮೆ ಪುಟಿದು ನಮ್ಮದೇ ಬಲೆಯೊಳಗೆ ಹೋಯಿತು. ಎದುರಾಳಿ ಹುಡುಗಿಯರು ಕುಣಿದಾಡಿದರು.

“ಏನ್ ಮೇಡಂ ಇದು, ಕೈ ಕಟ್ಕೊಂಡು ನಿಂತ್ಲಲ್ಲ!” ನಾಗರಾಜ್ ನನ್ನ ಪಕ್ಕಕ್ಕೇ ಬಂದಿದ್ದರು. ನನಗೂ ಅಳುವೇ ಬಂದಿತ್ತು.

ರೆಫರಿ ಮಾತ್ರ ಮೂಲೆಯ ಕಡೆ ಕೈ ತೋರಿಸಿದ. ಗೋಲಲ್ಲ, ಕಾರ್ನರ್! ಆಗ ನನಗೆ ನಿಯಮ ನೆನಪಾಯಿತು. ನಾವೇ ಒದ್ದ ಗೋಲ್ ಕಿಕ್ ಯಾರನ್ನೂ ಮುಟ್ಟದೆ ನಮ್ಮ ಗೋಲಿಗೇ ಬಂದರೆ ಎದುರಾಳಿಗೆ ಸಿಗುವುದು ಬರೀ ಕಾರ್ನರ್ ಕಿಕ್, ಅಂದರೆ ಮೈದಾನದ ಮೂಲೆಯಿಂದ ಒಂದು ಒದೆತ. ಒದ್ದವಳೇ ಅದನ್ನು ಮತ್ತೆ ಮುಟ್ಟಿದರೆ ಫೌಲ್. ಅವಳ ಕೈಗೆ ತಾಗಿ ಒಳಗೆ ಹೋಗಿದ್ದರೆ ಗೋಲೆಂದೇ ಲೆಕ್ಕ. ನನ್ನ ಮಾತು ಕೇಳಿದ್ದರೆ ಕೆಟ್ಟೇ ಹೋಗುತ್ತಿದ್ದೆವು. ಕಾರ್ನರ್ ಗಾಳಿಗೆ ತಿರುಗಿಕೊಂಡು ಒಳಗೆ ಬಂತು. ಅದನ್ನು ಹಿಡಿಯಲು ಹೋಗದೆ ಶಾಲಿನಿ ಮುಷ್ಟಿಯಿಂದ ಗುದ್ದಿ ಹೊರಗೆ ಕಳಿಸಿದಳು. ೧–೦ಕ್ಕೆ ಗೆದ್ದೆವು.

ಆಯ್ಕೆದಾರರಲ್ಲೊಬ್ಬಾಕೆ ಬಂದು, ಚೆಂಡು ಬಿಡುವುದನ್ನು ಹೇಳಿಕೊಟ್ಟವರು ಯಾರು ಎಂದು ಹಿಂದಿಯಲ್ಲಿ ಕೇಳಿದರು. ಶಾಲಿನಿ ನನ್ನತ್ತ ಬೆರಳು ತೋರಿಸಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. “ಇಲ್ಲ, ನಾನು ಹಿಡಿ ಅಂತ ಕಿರುಚ್ತಿದ್ದೆ,” ಎಂದೆ. “ಅದು ನಮಗೂ ಕೇಳಿಸಿತು,” ಎಂದು ಆಕೆ ನಕ್ಕರು.

ವಾರದ ನಂತರ ದೆಹಲಿ ತಂಡದ ಪಟ್ಟಿ ಬಂತು. ಎರಡನೇ ಗೋಲ್‌ಕೀಪರ್ ಶಾಲಿನಿ. ನಾಗರಾಜ್ ಫೋನ್ ಮಾಡಿ, “ಸೈನ್ಸ್ ಕೋಚಿಂಗ್ ಕ್ಲಾಸು ಬೆಳಗಿನ ಬ್ಯಾಚಿಗೆ ಹಾಕ್ಸಿದೀನಿ ಮೇಡಂ, ಸಂಜೆ ನಿಮಗೇ ಬಿಟ್ಟಿದೀನಿ,” ಎಂದರು. ಅಂದು ಸಂಜೆ ಮೈದಾನಕ್ಕೆ ಬಂದ ಶಾಲಿನಿಯನ್ನು ಕೇಳಿದೆ: “ಅವತ್ತು ನನ್ನ ಹೆಸರು ಯಾಕೆ ಹೇಳ್ದೆ? ನಾನೆಲ್ಲಿ ಹೇಳ್ಕೊಟ್ಟಿದ್ದೆ?”

“ಅರೇ, ನೀವೇ ಮ್ಯಾಮ್! ಲಾಸ್ಟ್ ಇಯರ್ ಬಾರಿಶ್ ಬಂದು ಗ್ರೌಂಡೆಲ್ಲ ನೀರಾದಾಗ ಎಲ್ಲರನ್ನೂ ಕ್ಲಾಸಲ್ಲಿ ಕೂರಿಸಿ ರೂಲ್ ಬುಕ್ ಓದಿದ್ರಲ್ಲ. ಅವತ್ತು ನೀವು ಮೆಲ್ಲಗೆ ಮಾತಾಡಿದ್ರಿ. ಅದಕ್ಕೇ ನೆನಪಿದೆ.”

ಆಮೇಲೆ ಹದಿಮೂರು ವರ್ಷ ಕೋಚ್ ಆಗಿದ್ದೆ. ಹೇಳಬೇಕಾದ್ದನ್ನೆಲ್ಲ ಅಭ್ಯಾಸದಲ್ಲಿ ಕೂತು ಹೇಳಿ, ಪಂದ್ಯ ಶುರುವಾದ ಮೇಲೆ ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕೂರುವುದನ್ನು ಕಲಿತೆ. ಸುಲಭವಾಗಿರಲಿಲ್ಲ. ಆದರೆ ಹುಡುಗಿಯರು ಮೊದಲಿಗಿಂತ ಚೆನ್ನಾಗಿ ಆಡಿದರು.