ಇಂಜೆಕ್ಷನ್ನಿಗೆ ಪಥ್ಯವಿಲ್ಲ

ಅಕ್ಕನಿಗೆ ನಾಯಿ ಕಚ್ಚಿದ ಸುದ್ದಿ ನನಗೆ ತಿಳಿದದ್ದು ಹನ್ನೊಂದು ದಿನದ ಮೇಲೆ. ಆ ಹನ್ನೊಂದು ದಿನವೂ ನಾನು ಫೋನಿನಲ್ಲಿ ಮುಖ ಪರಿಚಯವಿಲ್ಲದ ಜನರ ಜೊತೆ ನಾಯಿ ಕಡಿತದ ಬಗ್ಗೆಯೇ ವಾದ ಮಾಡುತ್ತಿದ್ದೆ. ಹುಚ್ಚುನಾಯಿ ರೋಗ ಒಮ್ಮೆ ತಲೆಗೇರಿದರೆ ಉಳಿಗಾಲವಿಲ್ಲ, ತಡಮಾಡದೆ ಇಂಜೆಕ್ಷನ್ ಹಾಕಿಸಿಕೊಳ್ಳುವುದೊಂದೇ ದಾರಿ ಎಂದು ಇಡೀ ಕರ್ನಾಟಕಕ್ಕೆ ಬುದ್ಧಿ ಹೇಳುತ್ತಿದ್ದೆ. ಆ ಬುದ್ಧಿ ಶಿಕಾರಿಪುರದಿಂದ ಸೊರಬ ದಾಟಿ ಅಕ್ಕನ ಊರು ಕುಪ್ಪಗಡ್ಡೆಗೆ ಮಾತ್ರ ಹೋಗಿರಲಿಲ್ಲ.

ಶಿಕಾರಿಪುರದಲ್ಲಿ ನನ್ನದು ಗೊಬ್ಬರ, ಬೀಜದ ಅಂಗಡಿ. ಓದಿದ್ದು ಬಿ.ಎಸ್ಸಿ. ಗೋವಿನಜೋಳದ ಬಿತ್ತನೆ ಮುಗಿದರೆ ಮಧ್ಯಾಹ್ನ ಗಿರಾಕಿ ಇರುವುದಿಲ್ಲ. ಯೂರಿಯಾ ಚೀಲಕ್ಕೆ ಬೆನ್ನು ಕೊಟ್ಟು ಕೂತು ಫೋನ್ ತೆಗೆದರೆ ಜಗತ್ತಿನ ದಡ್ಡರೆಲ್ಲ ಅಂಗೈಗೆ ಬರುತ್ತಿದ್ದರು. ಹೆಸರಿನ ಪಕ್ಕ ಸಿಂಹದ ಚಿತ್ರ ಹಾಕಿಕೊಂಡವನೊಬ್ಬ ಯಾವ ಮಾತಿಗೂ "ಮೊದಲು ಇತಿಹಾಸ ಓದಿ ಬನ್ನಿ" ಎನ್ನುತ್ತಿದ್ದ. ತಾನು ಓದಿದ ಇತಿಹಾಸ ಯಾವುದೆಂದು ಕೇಳಿದರೆ ಮುಕ್ಕಾಲು ಗಂಟೆಯ ವಿಡಿಯೋ ಕಳಿಸುತ್ತಿದ್ದ. ಸೂರ್ಯೋದಯದ ಚಿತ್ರದವನಿಗೆ ಗ್ರಹಣದ ದಿನ ಅನ್ನ ವಿಷವಾಗುತ್ತಿತ್ತು. ವಿದೇಶಿ ವಿಜ್ಞಾನಿಗಳೇ ಒಪ್ಪಿದ್ದಾರಂತೆ. ಯಾವ ವಿಜ್ಞಾನಿ ಎಂದರೆ "ನಿಮ್ಮಂಥವರಿಗೆ ಹೇಳಿ ಪ್ರಯೋಜನವಿಲ್ಲ" ಎಂದು ಹೋದವನು ಮರುದಿನ ಚುನಾವಣೆಯ ಮಾತಿಗೆ ಹಾಜರು. ರಾಜಕೀಯ, ಜಾತಿ, ನಕ್ಷತ್ರ, ಗೋಮೂತ್ರ, ಎಲ್ಲದಕ್ಕೂ ಅವೇ ಮುಖಗಳು, ಅವೇ ಬೈಗುಳ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನ. ಎಣಿಸಿ ತೋರಿಸಿದರೆ ನಾಲ್ಕನೆಯದನ್ನು ನಾನೇ ಅಂಟಿಸಿದ್ದೇನೆ ಎನ್ನುತ್ತಿದ್ದರು.

ನಾನೇನು ಕಡಿಮೆ ಇರಲಿಲ್ಲ. ಒಬ್ಬೊಬ್ಬನನ್ನೂ ಹುಡುಕಿ ಹುಡುಕಿ ಹಣಿಯುತ್ತಿದ್ದೆ, ಚಪ್ಪಾಳೆ ತಟ್ಟುವವರೂ ಇದ್ದರು. ಅದೇ ಹೊತ್ತಿಗೆ ರೈತನೊಬ್ಬ ಬಂದು, "ಬೆಳೆ ಕಪ್ಪಗೆ ಬರಂಗೆ ಯಾವ್ದಾರ ಟಾನಿಕ್ ಕೊಡ್ರೀ" ಎಂದರೆ, ಆ ಬಾಟಲಿಯಲ್ಲಿ ಬಣ್ಣದ ನೀರಿಗಿಂತ ಹೆಚ್ಚೇನೂ ಇಲ್ಲವೆಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೊಡುತ್ತಿದ್ದೆ. ಅಲ್ಲಿ ವಿಜ್ಞಾನ ಮಾತಾಡಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ಅಂಗಡಿಯಲ್ಲಿ ಇಲಿ, ಫೋನಿನಲ್ಲಿ ಹುಲಿ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗುತ್ತಿರಲಿಲ್ಲ.

ನಮ್ಮ ಸೀಮೆಯಲ್ಲಿ ನಾಯಿ ಕಚ್ಚಿದರೆ ಪಂಡಿತರ ಹತ್ತಿರ ಹೋಗುವ ರೂಢಿ ಇನ್ನೂ ಇದೆ. ಅವರು ಯಾವುದೋ ಎಲೆ ಅರೆದು ಉಂಡೆ ಮಾಡಿ ನುಂಗಿಸುತ್ತಾರೆ, ಪಥ್ಯ ಹೇಳುತ್ತಾರೆ. ಬದನೆಕಾಯಿ ಮುಟ್ಟುವಂತಿಲ್ಲ, ಒಗ್ಗರಣೆ ವಾಸನೆ ಕುಡಿಯುವಂತಿಲ್ಲ, ತಲೆಗೆ ನೀರು ಹಾಕುವಂತಿಲ್ಲ. ಅಂಥ ಪಂಡಿತರೊಬ್ಬರನ್ನು ಹೊಗಳಿ ಯಾರೋ ಬರೆದಿದ್ದರು. ನಾನು ಬಿಡುತ್ತೇನೆಯೇ? ಜಗಳ ಕಾವೇರಿತು. ನಡುವೆ ಒಬ್ಬ ಬಂದ. ಚಿತ್ರವೂ ಇಲ್ಲ, ಆರ್ಭಟವೂ ಇಲ್ಲ. "ಸಾರ್, ಔಷಧಿ ತಗೊಂಡೋರು ಇಂಜೆಕ್ಷನ್ನೂ ಹಾಕಿಸ್ಕೊಂಡ್ರೆ ಆಯ್ತಲ್ರೀ. ಹಂಗೆ ಹೇಳಿ ನೋಡಿ. ಬೈದ್ರೆ ಅವ್ರು ಆಸ್ಪತ್ರೆ ಕಡೆನೂ ಬರಲ್ಲ" ಎಂದು ಬರೆದ.

ಸಿಂಹದವನಿಗಿಂತ ಇವನ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು. ಎರಡು ದೋಣಿಯಲ್ಲಿ ಕಾಲಿಟ್ಟ ಹೇಡಿ ಎಂದು ಜರೆದೆ. ಕೊನೆಗೆ, "ಎಲೆ ತಿಂದರೆ ನಾಯಿ ವಿಷ ಇಳಿಯುತ್ತದೆ ಅನ್ನುವವರಿಗೆ ಆಸ್ಪತ್ರೆ ಯಾಕೆ? ಕೊಟ್ಟಿಗೆಯಲ್ಲಿ ಒಂದು ಗೂಟ ಸಾಕು" ಎಂದು ಬರೆದೆ. ನಾನು ಬರೆದದ್ದರಲ್ಲೆಲ್ಲ ಜನ ಅತಿ ಹೆಚ್ಚು ಮೆಚ್ಚಿದ್ದು ಆ ಸಾಲು. ಆ ಮನುಷ್ಯ ಮತ್ತೆ ಬರಲಿಲ್ಲ. ಗೆದ್ದೆ ಎಂದುಕೊಂಡೆ.

ಅದಾಗಿ ಹತ್ತು ದಿನಕ್ಕೆ, ಒಂದು ಭಾನುವಾರ, ಕುಪ್ಪಗಡ್ಡೆಗೆ ಊಟಕ್ಕೆ ಹೋದೆ. ನಾನು ಹೋದರೆ ಅಕ್ಕ ಎಣ್ಣೆಗಾಯಿ ಮಾಡದೆ ಇರುವುದಿಲ್ಲ, ಮದುವೆಯಾಗಿ ಹೋದ ದಿನದಿಂದ ಅದು ಹಾಗೇ ನಡೆದು ಬಂದಿದೆ. ಅವತ್ತು ಎಲೆಗೆ ಬಿದ್ದದ್ದು ಅನ್ನ, ಒಗ್ಗರಣೆಯಿಲ್ಲದ ತೊವ್ವೆ, ಮಜ್ಜಿಗೆ.

"ಬದನೆಕಾಯಿ ಸಿಗಲಿಲ್ಲೇನೇ ಅಕ್ಕ?" ಎಂದೆ.

ಅವಳು ಬಗ್ಗಿ ಎಲೆಗೆ ಇನ್ನಷ್ಟು ಅನ್ನ ಹಾಕಿದಳು. ಸೊಸೆಯಾಗಿ ಬಂದ ಮನೆಯಲ್ಲಿ ಮೂವತ್ತು ವರ್ಷ ದಿನಾ ತಲೆಗೆ ನೀರು ಹಾಕಿಕೊಂಡು ಒಲೆ ಮುಂದೆ ನಿಂತವಳ ಕೂದಲು ಅವತ್ತು ಜಿಡ್ಡುಗಟ್ಟಿತ್ತು. ನನ್ನ ಕೈ ಎಲೆಯ ಮೇಲೆ ನಿಂತಿತು. ಬದನೆಕಾಯಿ ಇಲ್ಲ, ಒಗ್ಗರಣೆ ಇಲ್ಲ, ಸ್ನಾನ ಇಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ಬಿ.ಎಸ್ಸಿ. ಬೇಕಾಗಿಲ್ಲ.

"ಎಲ್ಲಿ ಕಚ್ತು?"

ಸೀರೆ ಸ್ವಲ್ಪ ಮೇಲೆತ್ತಿ ಮೀನಖಂಡ ತೋರಿಸಿದಳು. ನಾಲ್ಕು ಹಲ್ಲಿನ ಗುರುತು, ಒಣಗುತ್ತಿತ್ತು. ಕೆರೆ ಏರಿಯ ಹತ್ತಿರ ಬೀದಿನಾಯಿ ಹಿಂದಿನಿಂದ ಬಂದು ಕಚ್ಚಿತ್ತು. ಮತ್ತೆ ಆ ನಾಯಿಯನ್ನು ಯಾರೂ ಕಂಡಿಲ್ಲ. ಮರುದಿನವೇ ಚಂದ್ರಗುತ್ತಿ ಕಡೆಯ ಪಂಡಿತರ ಹತ್ತಿರ ಹೋಗಿ ಉಂಡೆ ನುಂಗಿ ಬಂದಿದ್ದಳು.

ನಾನು ಎದ್ದು ನಿಂತೆ. ಏನೇನು ಕೂಗಾಡಿದೆನೋ ನೆನಪಿಲ್ಲ.

"ಕೂತ್ಕಳ ತಮ್ಮ, ಉಣ್ಣು" ಎಂದಳು ಅಕ್ಕ. "ಇಂಜೆಕ್ಷನ್ ಆಗೈತೆ. ಮೂರು ಆತು, ಇನ್ನೊಂದು ಬಾಕಿ."

ಕೂತೆ. ಆಶಾ ಕಾರ್ಯಕರ್ತೆ ಮನೆಗೆ ಬಂದಿದ್ದಳಂತೆ. ಅವಳು ಪಂಡಿತರನ್ನು ಬೈಯಲಿಲ್ಲ, ಅಕ್ಕನನ್ನೂ ಬೈಯಲಿಲ್ಲ. "ಔಷಧಿ ತಗಂಡಿರಲ್ಲ, ಒಳ್ಳೇದಾತು. ಪಥ್ಯನೂ ಮಾಡಿ ಅಕ್ಕಾರೆ. ಇಂಜೆಕ್ಷನ್ನಿಗೆ ಪಥ್ಯ ಇಲ್ಲ, ಅದನ್ನೂ ಹಾಕಿಸ್ಕಂಡು ಬರಾಣ ನಡೀರಿ" ಎಂದು ತಾನೇ ಸೊರಬದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು.

"ಯಾವತ್ತು ಹಾಕಿಸಿದ್ದು?"

"ಕಚ್ಚಿ ಮೂರು ದಿನ ಆಗಿತ್ತು."

"ಮೂರು ದಿನ ಸುಮ್ನಿದ್ಯಾ? ನಂಗೊಂದು ಫೋನ್ ಮಾಡಾಕೆ ಏನಾಗಿತ್ತು?"

ಅಕ್ಕ ನನ್ನ ಎಲೆಗೆ ಮಜ್ಜಿಗೆ ಬಡಿಸುತ್ತಾ ಹೇಳಿದಳು. "ಮಾಡಾಣ ಅಂತಲೇ ಫೋನ್ ತಗಂಡಿದ್ದೆ. ನನ್ನ ಮಗಳು, ನೋಡು ಮಾಮ ಏನ್ ಬರ್ದಾನೆ ಅಂತ ಓದಿದ್ಲು. ಕೊಟ್ಟಿಗೇಲಿ ಗೂಟ ಸಾಕು ಅಂದಿದ್ಯಲ್ಲ. ಉಂಡಿ ನುಂಗಿ ಆಗ ತಾನೇ ಬಂದು ಕೂತಿದ್ದೆ. ನಿಂಗೆ ಯಾವ ಬಾಯಾಗೆ ಹೇಳ್ಲಿ?"

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ವಾದ ಮಾಡಬಹುದಿತ್ತು. ಎಲೆಯ ಮೇಲಿನ ಅನ್ನವನ್ನು ತಿಂದು ಮುಗಿಸಿದೆ.

ಪಂಡಿತರ ಆ ಉಂಡೆಯಿಂದ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ಇವತ್ತಿಗೂ ಹೇಳುತ್ತೇನೆ. ಸಿಂಹದವನು ಇವತ್ತಿಗೂ ದಡ್ಡನೇ. ಆದರೆ ಫೋನ್ ಕೈಗೆತ್ತಿಕೊಂಡ ನನ್ನ ಅಕ್ಕನನ್ನು ಆಮೇಲೂ ಎರಡು ದಿನ ಆಸ್ಪತ್ರೆಯಿಂದ ದೂರ ಇಟ್ಟದ್ದು ಸಿಂಹದವನಲ್ಲ, ಪಂಡಿತರೂ ಅಲ್ಲ. ಶಿಕಾರಿಪುರಕ್ಕೆ ಮರಳಿದವನೇ ಫೋನಿನಲ್ಲಿ ಚಿತ್ರವಿಲ್ಲದ ಆ ಮನುಷ್ಯನನ್ನು ಹುಡುಕಿದೆ. ತಾನು ಬರೆದದ್ದನ್ನೆಲ್ಲ ಅಳಿಸಿ ಹೋಗಿದ್ದ. ನನ್ನ ಗೂಟದ ಮಾತು ಮಾತ್ರ ಹಾಗೇ ಇತ್ತು, ಇನ್ನೂ ಜನ ಮೆಚ್ಚುತ್ತಿದ್ದರು.

ಕೊನೆಯ ಇಂಜೆಕ್ಷನ್ನಿಗೆ ನಾನೇ ಅಕ್ಕನನ್ನು ಬೈಕಿನಲ್ಲಿ ಸೊರಬಕ್ಕೆ ಕರೆದುಕೊಂಡು ಹೋದೆ. ಬೆಂಚಿನ ಮೇಲೆ ನಮ್ಮ ಪಕ್ಕ ಒಬ್ಬಳು ಮುದುಕಿ ಕೂತಿದ್ದಳು, ಕೈಗೆ ಬಟ್ಟೆ ಸುತ್ತಿಕೊಂಡಿದ್ದಳು. ನನ್ನ ಅಂಗಿ, ಕನ್ನಡಕ ನೋಡಿ ತಿಳಿದವನು ಅನ್ನಿಸಿರಬೇಕು.

"ನಾಟಿ ಔಷಧಿ ತಗಂಡೀನಪ್ಪ. ಅದ್ರ ಮ್ಯಾಲೆ ಇದನ್ನ ಹಾಕಿಸ್ಕಂಡ್ರೆ ಏನೂ ಆಗಲ್ಲಲ್ಲ?" ಎಂದು ನನ್ನನ್ನೇ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ನನ್ನ ಮುಂಗೈಯನ್ನು ಗಟ್ಟಿಯಾಗಿ ಅದುಮಿ ಹಿಡಿದಳು. ಆಮೇಲೆ ಮುದುಕಿಯ ಕಡೆ ತಿರುಗಿ, "ಏನೂ ಆಗಲ್ಲ ಅಜ್ಜಿ, ಇಂಜೆಕ್ಷನ್ನಿಗೆ ಪಥ್ಯ ಇಲ್ಲ" ಎಂದು ತಾನೇ ಹೇಳಿದಳು.